ರಿಪೋರ್ಟ್‌ನಲ್ಲಿ ‘ಮೆದುಳಿನ ಪೊರೆ ದಪ್ಪ’ ಅಂತ ಬಂದರೆ ಕ್ಯಾನ್ಸರೇ?

ಗದಗದ ಓದುಗರೊಬ್ಬರು ಕೇಳಿದ್ದಾರೆ: “ಅವ್ವನಿಗೆ ಒಂದು ತಿಂಗಳಿಂದ ತಲೆನೋವು. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಎಂಆರ್‌ಐ ಮಾಡಿಸಿದೆವು. ‘ಡ್ಯೂರಲ್ ಥಿಕನಿಂಗ್’ ಅಂತ ಬರೆದಿದ್ದಾರೆ. ಕ್ಯಾನ್ಸರ್ ಇರಬಹುದಾ?”

ಇರಲೇಬೇಕು ಅಂತಿಲ್ಲರೀ. ಅದು ಕಾಯಿಲೆಯ ಹೆಸರೇ ಅಲ್ಲ, ಸ್ಕ್ಯಾನ್‌ನಲ್ಲಿ ಕಂಡದ್ದನ್ನು ಬರೆದಿದ್ದಾರೆ ಅಷ್ಟೇ. ಮೆದುಳಿನ ಸುತ್ತ ಮೂರು ಪೊರೆಗಳಿವೆ. ತಲೆಬುರುಡೆಗೆ ಅಂಟಿಕೊಂಡ ಗಟ್ಟಿ ಹೊರಪೊರೆಯೇ ಡ್ಯೂರಾ.

ನಾನು ಮೊದಲು ಕೇಳುವುದು ಒಂದೇ. ಅವ್ವ ಮಲಗಿದಾಗ ನೋವು ಇಳಿದು, ಎದ್ದು ಕೂತರೆ ಜಾಸ್ತಿ ಆಗುತ್ತದಾ? ಹೌದಾದರೆ ಬೆನ್ನುಹುರಿಯ ಸುತ್ತಲಿನ ನೀರು ಎಲ್ಲೋ ಸೋರುತ್ತಿರಬಹುದು. ಮೆದುಳು, ಬೆನ್ನುಹುರಿ ಸೇರಿ ಈ ನೀರು ಇರುವುದೇ ಸುಮಾರು 150 ಮಿಲಿ. ಅದು ಕಡಿಮೆಯಾದಾಗ ಬುರುಡೆಯೊಳಗೆ ಖಾಲಿಯಾದ ಜಾಗ ತುಂಬಲು ರಕ್ತನಾಳಗಳು ಹಿಗ್ಗುತ್ತವೆ, ಹಾಗಾಗಿ ಡ್ಯೂರಾ ಸುತ್ತಲೂ ಒಂದೇ ಸಮನೆ ದಪ್ಪಗೆ ಕಾಣುತ್ತದೆ, ಮೆದುಳು ಸ್ವಲ್ಪ ಕೆಳಗೆ ಜಾರಿದಂತೆಯೂ ಇರುತ್ತದೆ. ಆಪರೇಷನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ಹೀಗಾಗಬಹುದು, ಏನೂ ಮಾಡಿಸದವರಿಗೂ ಆಗುತ್ತದೆ. ವಿಶ್ರಾಂತಿಯಿಂದ ಹೋಗದಿದ್ದರೆ ರೋಗಿಯದೇ ರಕ್ತವನ್ನು ಬೆನ್ನಿನಲ್ಲಿ ಡ್ಯೂರಾದ ಹೊರಗೆ ಚುಚ್ಚಿ ಸೋರಿಕೆ ಮುಚ್ಚುತ್ತಾರೆ. ಆದ್ದರಿಂದ ಬೆನ್ನಿನ ಇಂಜೆಕ್ಷನ್ ಯಾವಾಗ ಆಯಿತು ಅಂತ ಡಾಕ್ಟರಿಗೆ ತಪ್ಪದೆ ಹೇಳಿ.

ಬೇರೆ ಕಾರಣಗಳೂ ಇವೆ. ನಮ್ಮ ಕಡೆ ಟಿಬಿಯನ್ನು ಮರೆಯುವಂತಿಲ್ಲ. ಐಜಿಜಿ4 ಎಂಬ ಉರಿಯೂತದ ಕಾಯಿಲೆ ಇದೆ, ಅದು ಸಾಮಾನ್ಯವಾಗಿ ಸ್ಟಿರಾಯ್ಡ್‌ಗೆ ಬಗ್ಗುತ್ತದೆ. ಮೆದುಳಿನ ಹಳೆಯ ಆಪರೇಷನ್ ಕೂಡ ಕಾರಣವಾಗಬಹುದು. ಸ್ತನ ಅಥವಾ ಪ್ರಾಸ್ಟೇಟ್ ಕ್ಯಾನ್ಸರ್ ಹರಡಿಯೂ ಆಗಬಹುದು, ಅದನ್ನು ಮುಚ್ಚಿಡುವುದಿಲ್ಲ.

ಇದನ್ನು ಬೇರ್ಪಡಿಸಲು ಕಾಂಟ್ರಾಸ್ಟ್ ಎಂಆರ್‌ಐ ಬೇಕು. ಸುಮ್ನೆ ಸಾದಾ ಸ್ಕ್ಯಾನ್ ಸಾಲುವುದಿಲ್ಲ. ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಔಷಧ ಚುಚ್ಚಿದ ಮೇಲೆ ಬುರುಡೆಯ ಒಳಮೈಗುಂಟ ಗೆರೆ ಹೊಳೆದರೆ ಡ್ಯೂರಾದ ತೊಂದರೆ, ಮೆದುಳಿನ ಮಡಿಕೆಗಳೊಳಗೆ ಇಳಿದು ಹೊಳೆದರೆ ಒಳಪೊರೆಯದು, ಅಲ್ಲಿ ಟಿಬಿಯಂಥ ಸೋಂಕಿನ ಅನುಮಾನ ಹೆಚ್ಚು. ಗೆರೆ ನುಣುಪಾಗಿದೆಯೋ, ಗಂಟುಗಂಟಾಗಿದೆಯೋ ಎಂಬುದೂ ಮುಖ್ಯ. ಗಂಟು ಕಂಡರೆ ಗಡ್ಡೆ, ಹರಡಿದ ಕ್ಯಾನ್ಸರ್ ಅಂತ ಹುಡುಕುತ್ತಾರೆ. ಚಿತ್ರದಿಂದ ತೀರ್ಮಾನ ಆಗದಿದ್ದರೆ ಪೊರೆಯ ಸಣ್ಣ ತುಣುಕು ತೆಗೆದು ಪರೀಕ್ಷಿಸುತ್ತಾರೆ.

ಅವ್ವನ ಹಳೆಯ ಫೈಲುಗಳನ್ನೆಲ್ಲ ತೆಗೆದುಕೊಂಡು ನರರೋಗ ತಜ್ಞರಲ್ಲಿಗೆ ಹೋಗಿ. ನಡುವೆ ಜ್ವರ, ಫಿಟ್ಸ್, ಕಣ್ಣು ಮಂಜಾಗುವುದು, ಮಂಪರು ಬರುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.