ಲಾರಿ ಮೇಲಿನ ರಾಡಾರ್ ಅಳೆದ ಗಾಳಿ ಲೆಕ್ಕಕ್ಕಿಲ್ಲವೇ?

2013ರ ಮೇ 31ರಂದು ಅಮೆರಿಕದ ಒಕ್ಲಹೋಮಾ ರಾಜ್ಯದ ಎಲ್ ರೀನೋ ಬಳಿ 4.2 ಕಿ.ಮೀ. ಅಗಲದ ಸುಂಟರಗಾಳಿ ಎದ್ದಿತು. ಮೂವರು ಅನುಭವಿ ಸಂಶೋಧಕರೇ ಅದಕ್ಕೆ ಬಲಿಯಾದರು. ಲಾರಿ ಮೇಲೆ ಕೂರಿಸಿದ್ದ ರಾಡಾರ್‌ನಲ್ಲಿ ಕಂಡ ವೇಗ ಗಂಟೆಗೆ 475 ಕಿ.ಮೀ. ದಾಟಿತ್ತು. ಆ ಅಳತೆ ನೋಡಿ ಅದಕ್ಕೆ ಇಎಫ್-5 ಎಂಬ ಅತಿ ದೊಡ್ಡ ದರ್ಜೆ ಕೊಟ್ಟರು. ಕೆಲವೇ ತಿಂಗಳಲ್ಲಿ ಇಎಫ್-3ಕ್ಕೆ ಇಳಿಸಿದರು. ಗಾಳಿ ಹೊಲಗಳ ಮೇಲೆ ಹಾದಿತ್ತು, ಬೀಳಲು ಗಟ್ಟಿ ಕಟ್ಟಡಗಳಿರಲಿಲ್ಲ, ಅಷ್ಟೆ!

ಈ ದರ್ಜೆಗಳು ಶುರುವಾಗಿದ್ದು 1971ರಲ್ಲಿ. ಬಿದ್ದ ಮನೆ, ಮುರಿದ ಮರ ನೋಡಿ ವೇಗ ಅಂದಾಜಿಸುವ ಕ್ರಮವನ್ನು ಹವಾಮಾನ ವಿಜ್ಞಾನಿ ಟೆಡ್ ಫುಜಿಟಾ ರೂಪಿಸಿದರು. ಆಗ ಬೇರೆ ದಾರಿ ಎಲ್ಲಿತ್ತು? 2007ರಲ್ಲಿ ಅದನ್ನು ತಿದ್ದಿ ಇಎಫ್ (ಸುಧಾರಿತ ಫುಜಿಟಾ) ಎಂದರು, ಆದರೆ ಆಧಾರ ಹಾನಿಯೇ ಉಳಿಯಿತು.

ಅಷ್ಟರಲ್ಲಿ ಉಪಕರಣಗಳು ಬಹಳ ಮುಂದೆ ಹೋಗಿದ್ದವು. 1980ರ ದಶಕದಲ್ಲಿ ಗಾಳಿ ಅಳೆಯುವ ಉಪಕರಣಗಳನ್ನು ಕೂರಿಸಿದ 'ಟೋಟೊ' ಎಂಬ ಪೀಪಾಯಿ ಇತ್ತು. ತೂಕ ಸುಮಾರು 180 ಕಿಲೋ. ಪಿಕಪ್ ಗಾಡಿಯಲ್ಲಿ ಒಯ್ದು, ಸುಂಟರಗಾಳಿಯ ದಾರಿಯಲ್ಲಿ ಇಳಿಸಿ, ಓಡಿ ಬರಬೇಕು. 1984ರಲ್ಲಿ ಗಾಳಿಯ ಅಂಚು ತಾಕಿದ್ದಕ್ಕೇ ಅದು ಮಗುಚಿಬಿತ್ತು.

ಆಟ ಬದಲಾಗಿದ್ದು 1995ರಲ್ಲಿ. ಹವಾಮಾನ ವಿಜ್ಞಾನಿ ಜೋಶುವಾ ವರ್ಮನ್ ತಂಡ, ದೂರದಿಂದಲೇ ಗಾಳಿಯ ವೇಗ ಅಳೆಯುವ ಡಾಪ್ಲರ್ ರಾಡಾರನ್ನೇ ಲಾರಿಗೆ ಏರಿಸಿತು. ಒಂದೇ ಕಡೆ ನಿಂತ ರಾಡಾರಿಗೆ ಭೂಮಿಯ ದುಂಡಗಿನ ಆಕಾರವೇ ಅಡ್ಡಿ. 100 ಕಿ.ಮೀ. ದೂರ ಹೋಗುವಷ್ಟರಲ್ಲಿ ಅದರ ಕಿರಣ ಸುಮಾರು ಒಂದೂವರೆ ಕಿ.ಮೀ. ಮೇಲಿರುತ್ತದೆ. ಮನೆ ಕೀಳುವ ಗಾಳಿ ಇರುವುದು ಕೆಳಗೆ, ಅಲ್ವಾ? ಲಾರಿಯಾದರೆ ಹತ್ತಿರ ಹೋಗಿ, ನೆಲದಿಂದ ಕೆಲವೇ ಹತ್ತು ಮೀಟರ್ ಎತ್ತರದ ಗಾಳಿಯನ್ನು ನೋಡಬಲ್ಲದು. 1999ರ ಮೇ 3ರಂದು ಒಕ್ಲಹೋಮಾದ ಬ್ರಿಡ್ಜ್ ಕ್ರೀಕ್‌ನಲ್ಲಿ ಇಂಥ ಲಾರಿ ಗಂಟೆಗೆ 480 ಕಿ.ಮೀ. ಮೀರಿದ ವೇಗ ದಾಖಲಿಸಿತು. ಇಎಫ್-5ಕ್ಕೆ 322 ಕಿ.ಮೀ. ಮೀರಿದರೆ ಸಾಕು.

ರಾಡಾರ್ ಬೇಡ ಎನ್ನುವವರ ವಾದವೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಲಾರಿಗಳು ಮುಟ್ಟುವುದು ಕೆಲವೇ ಸುಂಟರಗಾಳಿಗಳನ್ನು. ಅವುಗಳಿಗೆ ಮಾತ್ರ ಬೇರೆ ಅಳತೆ ಹಿಡಿದರೆ 1950ರಿಂದ ಕೂಡಿಟ್ಟ ದಾಖಲೆ ಏರುಪೇರಾಗುತ್ತದೆ. ದರ್ಜೆಯ ಲೆಕ್ಕ 10 ಮೀಟರ್ ಎತ್ತರದ ಗಾಳಿಯದು, ರಾಡಾರ್ ನೋಡುವುದು ಸಾಮಾನ್ಯವಾಗಿ ಅದಕ್ಕಿಂತ ಮೇಲೆ. ಆದರೂ 2021ರಲ್ಲಿ ವರ್ಮನ್ ತಂಡ 120 ಸುಂಟರಗಾಳಿಗಳ ರಾಡಾರ್ ಮಾಹಿತಿ ಮುಂದಿಟ್ಟಿತು. ಹಾನಿ ನೋಡಿ ಕೊಟ್ಟ ದರ್ಜೆ ಸರಾಸರಿ ಒಂದಕ್ಕಿಂತ ಹೆಚ್ಚು ಮೆಟ್ಟಿಲು ಕೆಳಗಿತ್ತು. ಇದನ್ನು ಎತ್ತರದ ವ್ಯತ್ಯಾಸ ಎಂದಷ್ಟೇ ಹೇಳಿ ಮುಗಿಸುವುದು ಕಷ್ಟ.

2024ರ ಮೇನಲ್ಲಿ ಅಯೋವಾದ ಗ್ರೀನ್‌ಫೀಲ್ಡ್‌ನಲ್ಲೂ ಇದೇ ಕಥೆ. ಲಾರಿ ರಾಡಾರ್ ಕಂಡಿದ್ದು ಸುಮಾರು 500 ಕಿ.ಮೀ. ವೇಗ, ಸಿಕ್ಕಿದ್ದು ಇಎಫ್-4. ರಾಡಾರ್ ಅಳತೆಗೂ ಜಾಗ ಕೊಡುವ ಮಾನದಂಡವೊಂದನ್ನು ಎಂಜಿನಿಯರುಗಳು ಮತ್ತು ಹವಾಮಾನ ತಜ್ಞರ ಸಮಿತಿ ವರ್ಷಗಳಿಂದ ಬರೆಯುತ್ತಿದೆ.