ಸರಾಸರಿಗೆ ತಕ್ಕಷ್ಟು ಹಾಸಿಗೆ ಇದ್ದರೆ ಸಾಲದು

ಹೊಸ ವಾರ್ಡ್ ಕಟ್ಟುವ ಮುನ್ನ ಆಸ್ಪತ್ರೆಯ ಆಡಳಿತದವರು ನನ್ನ ಮುಂದಿಡುವ ಲೆಕ್ಕ ಹೆಚ್ಚುಕಡಿಮೆ ಒಂದೇ ಬಗೆಯದು. ದಿನಕ್ಕೆ ಸರಾಸರಿ 10 ಮಂದಿ ದಾಖಲಾಗುತ್ತಾರೆ, ಒಬ್ಬೊಬ್ಬರು ಸರಾಸರಿ 5 ದಿನ ಇರುತ್ತಾರೆ, ಆದ್ದರಿಂದ 50 ಹಾಸಿಗೆ ಸಾಕು. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಕಾಯಿಲೆ ಸರಾಸರಿ ನೋಡಿಕೊಂಡು ಬರುವುದಿಲ್ಲ. ಇಂದು 6 ಮಂದಿ ಬಂದರೆ ನಾಳೆ 15 ಮಂದಿ ಬರಬಹುದು.

ಡೆನ್ಮಾರ್ಕಿನ ಗಣಿತಜ್ಞ ಎ.ಕೆ. ಎರ್ಲಾಂಗ್ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗಾಗಿ 1917ರಲ್ಲಿ ಪ್ರಕಟಿಸಿದ, ಲೈನುಗಳೆಲ್ಲ ತುಂಬಿ ಎಷ್ಟು ಕರೆಗಳು ವಾಪಸಾಗುತ್ತವೆಂದು ಹೇಳುವ ಸೂತ್ರವನ್ನು ಈ ವಾರ್ಡಿಗೆ ಹಚ್ಚಿ ನೋಡಿ. 50 ಹಾಸಿಗೆಗಳಿದ್ದರೆ, ಬಂದವರಲ್ಲಿ ಹತ್ತಕ್ಕೆ ಸುಮಾರು ಒಬ್ಬರಿಗೆ ಜಾಗ ಸಿಗುವುದಿಲ್ಲ. ಅದನ್ನು ನೂರಕ್ಕೆ ಇಬ್ಬರ ಮಟ್ಟಕ್ಕೆ ಇಳಿಸಲು ಸುಮಾರು 60 ಹಾಸಿಗೆ ಬೇಕು. ಆಗ ಸರಾಸರಿ ಭರ್ತಿ ಶೇ. 82ರ ಆಸುಪಾಸಿನಲ್ಲಿರುತ್ತದೆ. ಈಗ ಸರಾಸರಿ 5 ಹಾಸಿಗೆಯ ಬೇಡಿಕೆಯಿರುವ ಚಿಕ್ಕ ಐಸಿಯು ತೆಗೆದುಕೊಳ್ಳಿ. ಅದೇ ನೂರಕ್ಕೆ ಇಬ್ಬರ ಮಟ್ಟ ಕಾಯ್ದುಕೊಳ್ಳಲು ಅಲ್ಲಿ 10 ಹಾಸಿಗೆ ಬೇಕು. ಅರ್ಧದಷ್ಟು ಖಾಲಿ ಕಾಣುತ್ತವೆ. ಅವನ್ನು ವ್ಯರ್ಥವೆಂದು ಕತ್ತರಿಸುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಶೇ. 85 ಭರ್ತಿ ಸುರಕ್ಷಿತ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 1999ರಲ್ಲಿ ಬಂದ ಸಿಮ್ಯುಲೇಶನ್ (ಕಂಪ್ಯೂಟರಿನಲ್ಲಿ ನಡೆಸುವ ಅಣಕು ಪ್ರಯೋಗ) ಅಧ್ಯಯನವೊಂದು ಅದಕ್ಕೆ ಬಲ ಕೊಟ್ಟಿತು. ಆದರೆ ಆ ಅಧ್ಯಯನ ಪರೀಕ್ಷಿಸಿದ್ದು ತುರ್ತು ದಾಖಲಾತಿಗಳ ದೊಡ್ಡ ಹಾಸಿಗೆ ಸಮೂಹವನ್ನು. ಆ ಸಂಖ್ಯೆಯನ್ನು ಚಿಕ್ಕ ಘಟಕಕ್ಕೆ ಹೊರಿಸುವುದು ಅನ್ಯಾಯ.

ಸೂತ್ರ ಇಷ್ಟು ಹೇಳುವಾಗ ಸಿಮ್ಯುಲೇಶನ್ ಏಕೆ? ವಾರ್ಡುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವುದರಿಂದ. ಸಾಮಾನ್ಯ ವಾರ್ಡಿನಲ್ಲಿ ಜಾಗವಿಲ್ಲದಿದ್ದರೆ ಚೇತರಿಸಿಕೊಂಡ ರೋಗಿ ಐಸಿಯುನಲ್ಲೇ ಉಳಿಯುತ್ತಾರೆ, ಅದರಿಂದ ಶಸ್ತ್ರಚಿಕಿತ್ಸೆ ಮುಂದೂಡಬೇಕಾಗುತ್ತದೆ, ತುರ್ತು ವಿಭಾಗದಲ್ಲಿ ಸ್ಟ್ರೆಚರ್‌ಗಳು ಸಾಲುಗಟ್ಟುತ್ತವೆ. ಈ ಸರಪಳಿಯನ್ನು ಕಂಪ್ಯೂಟರಿನೊಳಗೆ ಕಟ್ಟಿ, ಒಬ್ಬೊಬ್ಬ ರೋಗಿಯ ಆಗಮನ, ವರ್ಗಾವಣೆ, ಬಿಡುಗಡೆಗಳನ್ನು ಗಡಿಯಾರದ ಪ್ರಕಾರ ನಡೆಸಿ, ಒಂದು ವರ್ಷವನ್ನು ನೂರಾರು ಬಾರಿ ಓಡಿಸುತ್ತೇವೆ. ಮಾದರಿ ಖಾಲಿ ಆಸ್ಪತ್ರೆಯಿಂದ ಶುರುವಾಗುವ ಕಾರಣ, ಮೊದಲ ಕೆಲವು ವಾರಗಳ ಫಲಿತಾಂಶವನ್ನು ಬಿಟ್ಟುಬಿಡುತ್ತೇವೆ.

ಕಷ್ಟವೆಲ್ಲ ಇರುವುದು ದತ್ತಾಂಶದಲ್ಲಿ. ದಾಖಲೆ ಪುಸ್ತಕದಲ್ಲಿರುವುದು ಒಳಗೆ ಬಂದವರ ಹೆಸರು ಮಾತ್ರ. ಹಾಸಿಗೆಯಿಲ್ಲದೆ ಬೇರೆಡೆಗೆ ಹೋದವರ ಗುರುತು ಅಲ್ಲಿಲ್ಲ. ಅದನ್ನೇ ಬೇಡಿಕೆಯೆಂದು ನಂಬಿದರೆ ಇಂದಿನ ಕೊರತೆಯೇ ನಾಳೆಯ ಯೋಜನೆಯಾಗುತ್ತದೆ. ಮಧ್ಯರಾತ್ರಿಯ ಹಾಸಿಗೆ ಎಣಿಕೆಯೂ ಮೋಸ ಮಾಡುತ್ತದೆ, ಏಕೆಂದರೆ ನಿಜವಾದ ಇಕ್ಕಟ್ಟು ಹಗಲಿನಲ್ಲಿ. ಬೆಳಿಗ್ಗೆಯ ಹೊಸ ರೋಗಿಗಳು ಬಂದಿರುತ್ತಾರೆ, ಮನೆಗೆ ಹೊರಡುವವರು ಸಹಿಗೋ ಔಷಧಿಗೋ ವಾಹನಕ್ಕೋ ಕಾಯುತ್ತ ಇನ್ನೂ ಹಾಸಿಗೆಯಲ್ಲೇ ಇರುತ್ತಾರೆ. ವಾಸದ ಅವಧಿಯದು ಬೇರೆ ಕಥೆ. ಹೆಚ್ಚಿನವರು ಬೇಗ ಹೊರಡುತ್ತಾರೆ. ಉಳಿದ ಕೆಲವರು, ಆರೈಕೆಗೆ ಬೇರೆ ನೆಲೆಯಿಲ್ಲದ ವೃದ್ಧರೂ ಸೇರಿದಂತೆ, ವಾರಗಟ್ಟಲೆ ಉಳಿಯುತ್ತಾರೆ. ಸರಾಸರಿಯೆಂಬ ಒಂದೇ ಸಂಖ್ಯೆಯಲ್ಲಿ ಇವರು ಕಾಣುವುದೇ ಇಲ್ಲ. ಹಾಗಾಗಿ ಕಂಪ್ಯೂಟರ್ ಮುಂದೆ ಕೂರುವ ಮುನ್ನ ನಾನು ವಾರ್ಡಿನ ಹಿರಿಯ ದಾದಿಯರ ಜೊತೆ ಮಾತಾಡುತ್ತೇನೆ. ಯಾವ ಹಾಸಿಗೆ ಏಕೆ ಬಿಡುವಾಗಿಲ್ಲವೆಂದು ಅವರಿಗೆ ತಿಳಿದಿರುತ್ತದೆ.

ಮಾದರಿ ಕಳೆದ ವರ್ಷದ ಭರ್ತಿಯ ಏರಿಳಿತವನ್ನು ಸರಿಯಾಗಿ ತೋರಿಸಿದ ಮೇಲಷ್ಟೇ ಅದಕ್ಕೆ ಮುಂದಿನ ಪ್ರಶ್ನೆ ಕೇಳಬೇಕು. ಎಷ್ಟು ಹಾಸಿಗೆ ಬೇಕೆಂದು ಕೇಳಿದರೆ ಸಾಲದು. ಇಷ್ಟು ಹಾಸಿಗೆಗಳಿದ್ದರೆ ವರ್ಷದಲ್ಲಿ ಎಷ್ಟು ದಿನ ಯಾರನ್ನಾದರೂ ವಾಪಸ್ ಕಳುಹಿಸಬೇಕಾದೀತು ಎಂದು ಕೇಳಿ, ಅಷ್ಟನ್ನು ಒಪ್ಪಬಹುದೇ ಎಂಬುದನ್ನು ವೈದ್ಯರೂ ಆಡಳಿತದವರೂ ಒಟ್ಟಿಗೆ ಕೂತು ನಿರ್ಧರಿಸಬೇಕು. ಹಾಗೆಯೇ ಬಿಡುಗಡೆಯನ್ನು ಸಂಜೆಯಿಂದ ಮಧ್ಯಾಹ್ನದೊಳಕ್ಕೆ ತಂದರೆ, ಎರಡು ಚಿಕ್ಕ ವಾರ್ಡುಗಳನ್ನು ಒಂದುಗೂಡಿಸಿದರೆ ಏನಾಗುತ್ತದೆಂದು ಅದೇ ಮಾದರಿಯಲ್ಲಿ ನೋಡಬಹುದು. ಕಟ್ಟಡದ ನಕ್ಷೆಗೆ ಸಹಿ ಬೀಳುವ ಮೊದಲೇ ಈ ಎರಡೂ ಪ್ರಯೋಗಗಳು ಆಗಲೇಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ.