ಸಾವಿರ ವರ್ಷದ ಊರಿಗೆ ಇಷ್ಟಗಲದ ಬೀದಿ ಎಲ್ಲಿಂದ ಬಂತು?

ಓದುಗರ ಪ್ರಶ್ನೆ: ನಾರ್ವೆಯ ಟ್ರೋಂಡ್‌ಹೈಮ್ ಸಾವಿರ ವರ್ಷಕ್ಕೂ ಹಳೆಯ ಊರು ಎನ್ನುತ್ತಾರೆ. ಆದರೆ ಊರ ನಡುವಿನ ಬೀದಿಗಳು ನೂಲು ಹಿಡಿದಂತೆ ನೇರವಾಗಿವೆ, ಅಗಲವಾಗಿಯೂ ಇವೆ. ನದಿ ದಡದಲ್ಲಿ ಮಾತ್ರ ಮರದ ಕಟ್ಟಡಗಳು ಒಂದಕ್ಕೊಂದು ಒತ್ತಿಕೊಂಡು ನೀರಿಗೆ ಕಾಲಿಟ್ಟು ನಿಂತಿವೆ. ಒಂದೇ ಊರಲ್ಲಿ ಹೀಗೇಕೆ?

ಉತ್ತರ: ಊರೊಳಗಿನ ಬೀದಿಗಳ ಅಳತೆ ಗೊತ್ತುಮಾಡಿದ್ದು ಬೆಂಕಿಯ ಭಯ. ದಡದ ಸಾಲನ್ನು ಕಟ್ಟಿಸಿದ್ದು ದೋಣಿಯ ವ್ಯಾಪಾರ.

ಮೊದಲು ನೆಲ ನೋಡಿ. ಸೆಲ್ಬು ಸರೋವರದಿಂದ ಹೊರಟ ನಿದೆಲ್ವಾ ನದಿ ಸುಮಾರು 30 ಕಿ.ಮೀ. ಹರಿದು ಬಂದು, ಸಮುದ್ರ ಸೇರುವ ಮುಂಚೆ ಒಂದು ದೊಡ್ಡ ಸುತ್ತು ಹಾಕುತ್ತದೆ. ಹಳೆಯ ಊರು ಇರುವುದು ಆ ಸುತ್ತಿನೊಳಗೆ. ಉತ್ತರಕ್ಕೆ ಫ್ಯೋರ್ಡ್‌ನ, ಅಂದರೆ ನೆಲದೊಳಕ್ಕೆ ಚಾಚಿದ ಕಡಲ ತೋಳಿನ, ಉಪ್ಪುನೀರು; ದಕ್ಷಿಣಕ್ಕೂ ಪೂರ್ವಕ್ಕೂ ನದಿ. ನೀರು ದಾಟದೆ ಒಳಬರಲು ಪಶ್ಚಿಮದ ಸ್ಕಾನ್ಸೆನ್ ಕಡೆ ಇರುವ ಕಿರಿದಾದ ನೆಲವೊಂದೇ ದಾರಿ. ಕಾವಲಿಗೆ ಸುಲಭ, ದೋಣಿ ನಿಲ್ಲಿಸಲು ಅನುಕೂಲ. ದೊರೆ ಓಲಾವ್ ತ್ರಿಗ್ವಾಸೊನ್ 997ರಲ್ಲಿ ಇಲ್ಲಿ ಊರು ಕಟ್ಟಿದನೆಂಬುದು ಪರಂಪರೆಯ ಮಾತು. 1030ರಲ್ಲಿ ಯುದ್ಧದಲ್ಲಿ ಸತ್ತ ಇನ್ನೊಬ್ಬ ಓಲಾವ್ ಸಂತನೆನಿಸಿಕೊಂಡ. ಅವನ ಸಮಾಧಿಗೆ ಯಾತ್ರಿಕರು ಬರತೊಡಗಿದರು, ಅದರ ಮೇಲೆ ನಿದರೋಸ್ ಚರ್ಚ್ ಎದ್ದಿತು. ಹನ್ನೆರಡನೇ ಶತಮಾನದ ನಡುವಿನಿಂದ 1537ರವರೆಗೆ ಆರ್ಚ್‌ಬಿಷಪ್‌ನ ಪೀಠವೂ ಇಲ್ಲೇ ಇತ್ತು.

ಆ ಕಾಲದ ಊರು ಈಗಿನ ಊರಿನಂತಿರಲಿಲ್ಲ. ದಿಮ್ಮಿ ಜೋಡಿಸಿದ ಗೋಡೆ. ಸೂರಿನ ಮೇಲೆ ಬರ್ಚ್ ತೊಗಟೆಯ ಪದರ, ಅದರ ಮೇಲೆ ಹುಲ್ಲುಮಣ್ಣು. ನಡುವೆ ಇಕ್ಕಟ್ಟಾದ ಓಣಿಗಳು. ಬರ್ಚ್ ತೊಗಟೆ ನೀರು ಬಿಡುವುದಿಲ್ಲ, ಆದರೆ ಬೆಂಕಿಗೆ ಅದು ಎಣ್ಣೆಬತ್ತಿ. ಹೊತ್ತಿದ ಚೂರುಗಳು ಗಾಳಿಯಲ್ಲಿ ಹಾರಿ ಮುಂದಿನ ಸೂರಿಗೆ ಬೀಳುತ್ತವೆ. 1681ರ ಏಪ್ರಿಲ್ 18ರಂದು ನದಿ ಬದಿಯಲ್ಲಿ ಹೊತ್ತಿದ ಬೆಂಕಿ ಹೆಚ್ಚುಕಡಿಮೆ ಇಡೀ ಊರನ್ನು ತಿಂದುಹಾಕಿತು.

ದೊರೆ ಐದನೇ ಕ್ರಿಸ್ತಿಯಾನ್, ಲಕ್ಸೆಂಬರ್ಗ್ ಮೂಲದ ಸೇನಾಧಿಕಾರಿ ಯೋಹಾನ್ ಕಾಸ್ಪರ್ ದ ಸಿಸಿನ್ಯೋನ್‌ಗೆ ಊರನ್ನು ಹೊಸದಾಗಿ ಅಳೆಯುವ ಕೆಲಸ ಒಪ್ಪಿಸಿದ. ಅವನ ಲೆಕ್ಕ ಸರಳವಾಗಿತ್ತು: ಕಿಡಿ ಹಾರಿ ದಾಟಲಾಗದಷ್ಟು ಬಯಲು ಬಿಡಬೇಕು. ಚರ್ಚ್‌ನಿಂದ ಸಮುದ್ರದತ್ತ ಮುಂಕೆಗಾತಾ ಬೀದಿ, ಅದಕ್ಕೆ ಅಡ್ಡಲಾಗಿ ಕೊಂಗೆನ್ಸ್ ಗಾತೆ ಬೀದಿ, ಎರಡೂ ಕೂಡುವಲ್ಲಿ ತೊರ್ವೆ ಎಂಬ ಚೌಕ. ಮುಂಕೆಗಾತಾದಲ್ಲಿ ನಿಂತರೆ ಒಂದು ತುದಿಗೆ ಚರ್ಚ್, ಇನ್ನೊಂದು ತುದಿಗೆ ಫ್ಯೋರ್ಡ್ ನಡುವಿನ ಮುಂಕ್‌ಹೋಲ್ಮೆನ್ ದ್ವೀಪ ಕಾಣುತ್ತದೆ. ಬೆಂಕಿ ತಡೆಯುವುದಷ್ಟೇ ಉದ್ದೇಶವಾಗಿದ್ದರೆ ಇಷ್ಟು ಕರಾರುವಾಕ್ಕಾದ ನೋಟ ಬೇಕಿರಲಿಲ್ಲ. ರಾಜಠೀವಿಯನ್ನು ತೋರಿಸುವ ಬರೋಕ್ ಕಾಲದ ಹಂಬಲವೂ ಇದರಲ್ಲಿದೆ. ಹಳೆಯ ಓಣಿಗಳು ಪೂರ್ತಿ ಅಳಿಯಲಿಲ್ಲ. ಅಗಲ ಬೀದಿಗಳ ನಡುವೆ ನುಸುಳಿದರೆ ಕೆಲವು ಇಂದಿಗೂ ಸಿಗುತ್ತವೆ. (ತೊರ್ವೆಯ ನಡುವೆ ಓಲಾವ್ ತ್ರಿಗ್ವಾಸೊನ್ ಪ್ರತಿಮೆ ಹೊತ್ತ ಎತ್ತರದ ಕಂಬವಿದೆ. 1921ರದು. ಚೌಕವೇ ನೆರಳುಗಡಿಯಾರ, ಕಂಬ ಅದರ ಮುಳ್ಳು.)

ಯೋಜನೆ ಕೈಕೊಟ್ಟದ್ದು ಕಟ್ಟುವ ಸಾಮಗ್ರಿಯಲ್ಲಿ. ಬೀದಿ ಅಗಲವಾಯಿತು, ಮನೆ ಮಾತ್ರ ಮತ್ತೆ ಮರದ್ದೇ. ಇಟ್ಟಿಗೆ ದುಬಾರಿ, ಮರ ಅಗ್ಗ, ಮೇಲಾಗಿ ಚಳಿಗೆ ದಿಮ್ಮಿಯ ಗೋಡೆಯೇ ಬೆಚ್ಚಗೆ. ಉಳ್ಳವರೂ ಅದನ್ನೇ ಆರಿಸಿಕೊಂಡರು: ಮುಂಕೆಗಾತಾದಲ್ಲಿರುವ, 1770ರ ದಶಕದ ಸ್ಟಿಫ್ಟ್ಸ್‌ಗೋರ್ಡೆನ್ ಸುಮಾರು 140 ಕೋಣೆಗಳ ಮರದ ಅರಮನೆ. 1708, 1788, 1841, 1842ರಲ್ಲಿ ಊರಿನ ಭಾಗಗಳು ಮತ್ತೆ ಸುಟ್ಟವು. ಕೊನೆಯ ಎರಡರ ಬಳಿಕ, 1845ರಲ್ಲಿ, ಊರ ನಡುವೆ ಇಟ್ಟಿಗೆ-ಕಲ್ಲಿನಲ್ಲೇ ಕಟ್ಟಬೇಕೆಂಬ ನಿಯಮ ಬಂತು. ಒಂದೇ ಬೀದಿಯಲ್ಲಿ ಮರದ ಮನೆಯ ಪಕ್ಕ ಇಟ್ಟಿಗೆಯ ಮಹಡಿ ಕಾಣುವುದು ಇದರಿಂದ.

ಇನ್ನು ದಡದ ಸಾಲು. ಪೂರ್ವದ ಅಂಚಿನಲ್ಲಿ, ಅಂದರೆ ನದಿಯ ಎಡದಂಡೆಯಲ್ಲಿ, ವರ್ತಕರ ಬೀದಿ ಶೋಪ್‌ಮನ್ಸ್‌ಗಾತಾ ಇದೆ. ಅದನ್ನೂ ಅಗಲವಾಗಿಯೇ ಬಿಟ್ಟರು, ಗೋದಾಮಿಗೆ ಬಿದ್ದ ಬೆಂಕಿ ಊರೊಳಗೆ ನುಗ್ಗಬಾರದೆಂದು. ಗೋದಾಮುಗಳು ಬೀದಿಯಿಂದ ನದಿಯ ಕಡೆ ಚಾಚಿವೆ. ಮುಂಭಾಗ ನೀರಿನಲ್ಲಿ ನೆಟ್ಟ ಮರದ ಕಂಬಗಳ ಮೇಲೆ, ಹಿಂಭಾಗ ದಡದ ಮೇಲೆ. ನದಿಯತ್ತ ಮುಖ ಮಾಡಿದ ತ್ರಿಕೋನದ ಗೋಡೆಯಲ್ಲಿ ಮಹಡಿಗೊಂದು ಬಾಗಿಲು, ಮೇಲೆ ರಾಟೆ. ದೋಣಿ ಕೆಳಗೆ ಬಂದು ನಿಂತರೆ ಮೂಟೆ ನೇರವಾಗಿ ಬೇಕಾದ ಮಹಡಿಗೆ ಏರುತ್ತಿತ್ತು. ದಡದ ಪ್ರತಿ ಅಡಿಗೂ ಬೆಲೆಯಿದ್ದುದರಿಂದ ಎಲ್ಲರ ಮುಖವೂ ಕಿರಿದು, ಹಿಂದಕ್ಕೆ ಉದ್ದ. ಒಣಮೀನು, ಧಾನ್ಯ, ಮರದ ಹಲಗೆ, ರೋರೋಸ್ ಗಣಿಯ ತಾಮ್ರ ಈ ಊರಿನ ವ್ಯಾಪಾರದ ಸರಕುಗಳು. ಈಗ ಉಳಿದ ಹಳೆಯ ಗೋದಾಮುಗಳು ಹದಿನೆಂಟನೇ ಶತಮಾನದವು.

ಇವುಗಳ ಶತ್ರು ಬೆಂಕಿಯೊಂದೇ ಅಲ್ಲ. ನದಿಯ ಈ ಭಾಗದಲ್ಲಿ ಸಮುದ್ರದ ಉಬ್ಬರ-ಇಳಿತವಿದೆ. ಸದಾ ನೀರಲ್ಲಿ ಮುಳುಗಿರುವ ಮರಕ್ಕೆ ಗಾಳಿ ಸಿಗದು, ಅದು ಬೇಗ ಕೊಳೆಯುವುದಿಲ್ಲ. ಒಮ್ಮೆ ನೆನೆದು ಒಮ್ಮೆ ಗಾಳಿಗೆ ಬರುವ ಪಟ್ಟಿಯಲ್ಲೇ ಶಿಲೀಂಧ್ರ ಹತ್ತುತ್ತದೆ. ಕಂಬ ಅಲ್ಲಿ ಸೊರಗಿದರೆ ಮೇಲಿನ ಕಟ್ಟಡ ನದಿಯತ್ತ ವಾಲುತ್ತದೆ.

1880ರ ದಶಕದ ಹೊತ್ತಿಗೆ ರೈಲು ಬಂದು, ಬಂದರು ಉತ್ತರದ ಬ್ರಾತ್ತೋರಾ ಕಡೆ ಸರಿಯಿತು. ನದಿ ದಡದ ಗೋದಾಮುಗಳಿಗೆ ಕೆಲಸ ತಪ್ಪುತ್ತ ಹೋಯಿತು. ಈಗ ಅವುಗಳಲ್ಲಿ ಹೋಟೆಲು, ಕಚೇರಿ, ವಾಸದ ಮನೆಗಳಿವೆ. ಎದುರು ದಡದ ಬಕ್‌ಲಾಂಡೆ ಕೆಲಸಗಾರರ ಕೇರಿಯಾಗಿತ್ತು. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಅದರ ಮೇಲೆ ಹೆದ್ದಾರಿ ಹಾಯಿಸುವ ಯೋಜನೆಯಿತ್ತು. ನಿವಾಸಿಗಳು ವರ್ಷಗಟ್ಟಲೆ ಜಗಳಾಡಿ ನಿಲ್ಲಿಸದಿದ್ದರೆ ಇಂದು ಪೋಸ್ಟ್‌ಕಾರ್ಡಿನಲ್ಲಿ ಕಾಣುವ ಅರ್ಧ ನೋಟ ಇರುತ್ತಿರಲಿಲ್ಲ.

ನೋಡಲು ಹೋಗುವವರು ಎರಡು ದಡ ಸೇರಿಸುವ ಗಾಮ್ಲೆ ಬೀಬ್ರೊ ಸೇತುವೆಯ ಮೇಲೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಸೇತುವೆಯ ಈಗಿನ ರೂಪ 1861ರದು, ಜಾಗ ಸಿಸಿನ್ಯೋನ್ ಕಾಲದ್ದು. ಶೋಪ್‌ಮನ್ಸ್‌ಗಾತಾ ಸಾಲು ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಿಗ್ಗೆಯೇ ಅದರ ಮೇಲೆ ಬಿಸಿಲು. ಮಧ್ಯಾಹ್ನದ ನಂತರ ಫೋಟೊದಲ್ಲಿ ಬರೀ ನೆರಳು ಬರುತ್ತದೆ. ಕಂಬಗಳನ್ನು ನೋಡಬೇಕಿದ್ದರೆ ಉಬ್ಬರ-ಇಳಿತದ ವೇಳಾಪಟ್ಟಿ ನೋಡಿಕೊಂಡು ಇಳಿತದ ಹೊತ್ತಿಗೆ ಹೋಗಿ.